ಸ್ಕ್ರಿಮ್‌ಶಾ ಡಬ್ಬಿ: ಮುಚ್ಚಳದ ಮೇಲಿನ ಇಸವಿಯನ್ನು ಕೊನೆಗೆ ಓದಿ

ಸ್ಕ್ರಿಮ್‌ಶಾ ಅಂದ್ರೆ ಏನು ಅಂತ ಮೊದಲು ಎರಡು ಮಾತು. 19ನೇ ಶತಮಾನದಲ್ಲಿ ಅಮೆರಿಕದ ನಾಂಟಕೆಟ್, ನ್ಯೂ ಬೆಡ್‌ಫರ್ಡ್ ಬಂದರುಗಳಿಂದ ತಿಮಿಂಗಿಲ ಬೇಟೆಗೆ ಹೊರಟ ಹಡಗುಗಳು ವರ್ಷಗಟ್ಟಲೆ ಕಡಲಲ್ಲೇ ಇರುತ್ತಿದ್ದವು. ಬೇಟೆ ಸಿಗದ ದಿನಗಳಲ್ಲಿ ನಾವಿಕರು ಸ್ಪರ್ಮ್ ತಿಮಿಂಗಿಲದ ಹಲ್ಲನ್ನೋ ದವಡೆ ಮೂಳೆಯನ್ನೋ ಉಜ್ಜಿ ನಯ ಮಾಡಿ, ಚಾಕುವಿನ ಮೊನೆಯಿಂದ, ಸೂಜಿಯಿಂದ ಚಿತ್ರ ಕೊರೆದು, ಗೆರೆಗಳಿಗೆ ದೀಪದ ಕಾಡಿಗೆ ತಿಕ್ಕುತ್ತಿದ್ದರು. ಮೇಲೆ ಒರೆಸಿದರೆ ಕಾಡಿಗೆ ಗೆರೆಯೊಳಗೆ ಮಾತ್ರ ಉಳಿಯುತ್ತದೆ.

ಹಡಗಿನಲ್ಲೇ ಮಾಡಿದ ಡಬ್ಬಿಗಳಲ್ಲಿ ಮೊಟ್ಟೆಯಾಕಾರದವು ಜಾಸ್ತಿ. ತೆಳ್ಳಗೆ ಸೀಳಿದ ದವಡೆ ಮೂಳೆಯನ್ನು, ಇಲ್ಲವೇ ಬೇಲೀನ್ ಪಟ್ಟಿಯನ್ನು (ಕೆಲವು ತಿಮಿಂಗಿಲಗಳ ಬಾಯೊಳಗೆ ಜರಡಿಯಂತೆ ಇರುತ್ತದಲ್ಲ, ನಮ್ಮ ಉಗುರಿನ ಜಾತಿಯದು, ಅದು) ಬಾಗಿಸಿ, ಎರಡು ತುದಿಗಳನ್ನು ಒಂದರ ಮೇಲೊಂದು ಕೂರಿಸಿ ಸಣ್ಣ ಲೋಹದ ಮೊಳೆ ಹೊಡೆಯುತ್ತಿದ್ದರು.

ಆದರೆ ನಮ್ಮಂಥ ಕಲಿಯುವವರ ಕೈಗೆ ಸಿಗುವುದು ಬೇರೆ ತರಹದ್ದು. ನನ್ನ ಹತ್ತಿರ ಇರುವುದನ್ನೇ ಹೇಳುತ್ತೇನೆ. ಅಂಗೈಯಗಲದ ಮರದ ಡಬ್ಬಿ, ಮುಚ್ಚಳದಲ್ಲಿ ಕೂರಿಸಿದ ಹಳದಿ ಬಿಳುಪಿನ ಬಿಲ್ಲೆ, ಅದರ ಮೇಲೆ ಮೂರು ಕಂಬದ ಹಡಗು, ಹಡಗಿನ ಕೆಳಗೆ 1841. ನೋಡಿದ ಕೂಡಲೇ ಆ ಇಸವಿಯನ್ನು ನಂಬಿಬಿಟ್ಟೆ. ಅಲ್ಲೇ ತಪ್ಪಾಗೋದು. ನಕಲು ಮಾಡುವವರು ಚಿತ್ರದ ಜೊತೆ ಇಸವಿಯನ್ನೂ ನಕಲು ಮಾಡುತ್ತಾರೆ, ಅಲ್ವಾ? ಫ್ರೆಡರಿಕ್ ಮೈರಿಕ್ ಎಂಬ ನಾವಿಕ 1828-29ರಲ್ಲಿ ನಾಂಟಕೆಟ್‌ನ ಸುಸಾನ್ ಹಡಗಿನಲ್ಲಿ ಹಲ್ಲುಗಳ ಮೇಲೆ ಕೊರೆದು, ಹೆಸರು, ತಾರೀಖು ಎರಡನ್ನೂ ಹಾಕಿದ. ಹಾಗೆ ಹಾಕಿದವರು ಬಹಳ ಕಡಿಮೆ, ಹಳೆಯ ಸ್ಕ್ರಿಮ್‌ಶಾದಲ್ಲಿ ಹೆಚ್ಚಿನದಕ್ಕೆ ಹೆಸರೇ ಇಲ್ಲ. ಹಾಗಾಗಿ ಇಸವಿ ಎದ್ದು ಕಾಣುವಂತೆ ಇದ್ದರೆ ಅನುಮಾನ ಕಮ್ಮಿ ಆಗಬಾರದು, ಜಾಸ್ತಿ ಆಗಬೇಕು.

ಈಗ ಭೂತಗನ್ನಡಿ ಹಿಡಿಯಿರಿ. ಹತ್ತರಷ್ಟು ದೊಡ್ಡದು ಮಾಡುವುದಾದರೆ ಸಾಕು. ಕೈಯಲ್ಲಿ ಕೊರೆದ ಗೆರೆಯ ಅಂಚು ಚೂಪಾಗಿರುತ್ತದೆ, ಒಂದು ಕಡೆ ಆಳ, ಇನ್ನೊಂದು ಕಡೆ ತೆಳು, ಅಲ್ಲಲ್ಲಿ ಚಾಕು ಜಾರಿ ಗೆರೆ ಮುಂದಕ್ಕೆ ಹೋಗಿರುತ್ತದೆ. ಅಚ್ಚಿನಲ್ಲಿ ಎರಕ ಹೊಯ್ದ ರಾಳದಲ್ಲಿ (ರೆಸಿನ್, ಒಂದು ಬಗೆಯ ಪ್ಲಾಸ್ಟಿಕ್) ಅಂಚು ಮೆತ್ತಗೆ ದುಂಡಾಗಿರುತ್ತದೆ, ಬಳಸಿ ಸವೆದ ಸೋಪಿನ ಮೇಲಿನ ಅಕ್ಷರದ ಹಾಗೆ. ನನ್ನ ಡಬ್ಬಿಯಲ್ಲಿ ಹಡಗಿನ ಹಾಯಿಯ ಪಕ್ಕ, ಗೆರೆಯೇ ಇಲ್ಲದ ಜಾಗದಲ್ಲಿ, ಸೂಜಿಮೊನೆಯಷ್ಟು ದುಂಡನೆಯ ಕಪ್ಪು ಚುಕ್ಕಿ ಇತ್ತು. ಗಾಳಿಗುಳ್ಳೆ ಒಡೆದು ಆದ ಗುಳಿ, ಅದರೊಳಗೆ ಬಣ್ಣ ಕೂತಿದೆ. ಹಲ್ಲಿನಲ್ಲಿ ಗಾಳಿಗುಳ್ಳೆ ಎಲ್ಲಿಂದ ಬರಬೇಕು?

ಚುಕ್ಕಿ ಕಂಡ ಕೂಡಲೇ ರಾಳ ಅಂತಲೂ ಅನ್ನಬೇಡಿ. ಮೂಳೆಯಲ್ಲಿ ರಕ್ತ ಹರಿಯುತ್ತಿದ್ದ ನಾಳಗಳು ಇರುತ್ತವೆ. ಅಡ್ಡ ಕೊಯ್ದಲ್ಲಿ ಅವು ಚುಕ್ಕಿಯಾಗಿ, ಉದ್ದಕ್ಕೆ ಕೊಯ್ದಲ್ಲಿ ಒಂದೇ ದಿಕ್ಕಿನ ಸಣ್ಣ ಗೀಟುಗಳಾಗಿ ಕಾಣುತ್ತವೆ. ಆನೆ ದಂತದ ಅಡ್ಡ ಕೊಯ್ತದಲ್ಲಿ ಒಂದನ್ನೊಂದು ದಾಟುವ ಗೆರೆಗಳ ಬಲೆ ಇರುತ್ತದೆ. ಗೆರೆಗಳು ಪಟ್ಟಿ ಹಿಡಿದು ಎಳೆದಷ್ಟು ಸಮನಾಗಿದ್ದರೆ ಅದು ಸೆಲ್ಯುಲಾಯ್ಡ್ (ಹಳೆಯ ಕಾಲದ ಪ್ಲಾಸ್ಟಿಕ್) ಇರಬಹುದು, ಅಂದ್ರೆ 1870ರ ಈಚಿನದು. ಕಾಯಿಸಿದ ಸೂಜಿ ಚುಚ್ಚಿ ನೋಡಿ ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಬೇಡ. ಒಳ್ಳೆಯ ವಸ್ತು ಹಾಳಾಗುತ್ತದೆ, ಸೆಲ್ಯುಲಾಯ್ಡ್ ಆಗಿದ್ದರೆ ಬೆಂಕಿಯೇ ಹತ್ತಿಕೊಳ್ಳಬಹುದು. ಕತ್ತಲಲ್ಲಿ ನೇರಳಾತೀತ ಟಾರ್ಚ್ ಹಿಡಿದರೆ ಸಾಕು. ದಂತ, ಮೂಳೆ ನೀಲಿ ಬಿಳುಪಾಗಿ ಹೊಳೆಯುತ್ತವೆ, ರಾಳ ಸಾಮಾನ್ಯವಾಗಿ ಮಂಕಾಗಿ ಉಳಿಯುತ್ತದೆ.

ಆಮೇಲೆ ಡಬ್ಬಿಯನ್ನು ತಿರುಗಿಸಿ. ಮುಚ್ಚಳದ ಕೀಲಿನಲ್ಲಿ ಪ್ಲಸ್ ಗುರುತಿನ ಸ್ಕ್ರೂ ಇದ್ದರೆ ಅದು 1930ರ ದಶಕದ ಈಚಿನದು, ಫಿಲಿಪ್ಸ್ ಪೇಟೆಂಟ್ ಬಂದದ್ದು 1936ರಲ್ಲಿ. ಸ್ಕ್ರೂ ಬದಲಾಯಿಸಿರಲೂಬಹುದು, ಪಕ್ಕದಲ್ಲಿ ಹಳೆಯ ತೂತು ಇದೆಯಾ ನೋಡಿ. ತಳದಲ್ಲಿ ದೇಶದ ಹೆಸರು ಇಂಗ್ಲಿಷಿನಲ್ಲಿದ್ದರೆ, ಆಮದು ಸರಕಿಗೆ ಹೆಸರು ಹಾಕಬೇಕೆಂಬ 1890ರ ಅಮೆರಿಕದ ಕಾನೂನಿನ ನಂತರದ್ದು ಎನ್ನುವ ಸಾಧ್ಯತೆಯೇ ಹೆಚ್ಚು. ಇನ್ನೊಂದು ಗಡಿ 1972. ಆ ವರ್ಷ ಅಮೆರಿಕ ಕಡಲ ಸಸ್ತನಿಗಳ ರಕ್ಷಣೆಗೆ ಕಾನೂನು ತಂದಿತು, ಅಲ್ಲಿ ಹೊಸ ತಿಮಿಂಗಿಲ ಹಲ್ಲು ಸಿಗುವುದು ನಿಂತಿತು. ಅಷ್ಟು ಹೊತ್ತಿಗೆ ಇದರ ಹುಚ್ಚು ಚೆನ್ನಾಗಿ ಹಬ್ಬಿತ್ತು, ಅಧ್ಯಕ್ಷ ಕೆನಡಿ ಕೂಡ ಸ್ಕ್ರಿಮ್‌ಶಾ ಸಂಗ್ರಹಿಸುತ್ತಿದ್ದರು. ರಾಳದ ಬಿಲ್ಲೆಗಳಿಗೆ ದಾರಿಯಾದದ್ದು ಹೀಗೆ.

ನಮ್ಮ ಕಡೆಯ ಒಂದು ಗೊಂದಲವನ್ನೂ ಬಿಡಿಸಿಕೊಳ್ಳಿ. ವಿಶಾಖಪಟ್ಟಣದಲ್ಲಿ 18, 19ನೇ ಶತಮಾನದಲ್ಲಿ ದಂತದ ಹಲಗೆಗೆ ಗೆರೆ ಕೊರೆದು ಕಪ್ಪು ಅರಗು ತುಂಬಿದ ಡಬ್ಬಿಗಳನ್ನು ಮಾಡುತ್ತಿದ್ದರು. ತಂತ್ರ ಒಂದೇ, ಆದರೆ ಚಿತ್ರ ಹೆಚ್ಚಾಗಿ ಹೂಬಳ್ಳಿಯದು, ಕೆಲಸ ಪಳಗಿದ ಕುಶಲಕರ್ಮಿಯದು. ಎಷ್ಟೋ ಡಬ್ಬಿಗಳ ಒಳಗೆ ಶ್ರೀಗಂಧದ ಮರ ಇರುತ್ತದೆ, ಮುಚ್ಚಳ ತೆರೆದು ಮೂಸಿ ನೋಡಿ. ನಾವಿಕನ ಡಬ್ಬಿಯಲ್ಲಿ ಆ ವಾಸನೆ ಇರಲ್ಲ.

ನನ್ನ ಡಬ್ಬಿಯ ಚೀಟಿಯಲ್ಲಿ ಈಗ ಹೀಗೆ ಬರೆದಿದ್ದೇನೆ: ಮರದ ಡಬ್ಬಿ, ರಾಳದ ಬಿಲ್ಲೆ, ಪ್ಲಸ್ ಸ್ಕ್ರೂ ಮೂಲದ್ದೇ, 20ನೇ ಶತಮಾನದ ಉತ್ತರಾರ್ಧ. ಚಿತ್ರ: ಹಡಗು, ಮತ್ತು 1841 ಎಂಬ ಅಂಕಿ.