ಮಹಾರಂಧ್ರ: ನೆತ್ತಿಯದಲ್ಲ, ಬುಡದ್ದು

ಮಾನವ ವಿಕಾಸದ ಕುರಿತ ಬರಹಗಳಲ್ಲಿ ತಲೆಬುರುಡೆಯ ‘ಫೋರಾಮೆನ್ ಮ್ಯಾಗ್ನಮ್’ ಎಂಬ ರಂಧ್ರದ ಮಾತು ಬಂದಾಗಲೆಲ್ಲ ಅದನ್ನು ‘ಬ್ರಹ್ಮರಂಧ್ರ’ವೆಂದು ಕರೆದು ಮುಂದೆ ಸಾಗುವವರಿದ್ದಾರೆ. ಬ್ರಹ್ಮರಂಧ್ರವೆಂಬುದು ಯೋಗಶಾಸ್ತ್ರದಲ್ಲಿ ಪ್ರಾಣ ಹೊರಡುವ ನೆತ್ತಿಯ ದ್ವಾರ. ಹಸುಗೂಸಿನ ನೆತ್ತಿಯಲ್ಲಿ ಮೆತ್ತಗೆ ಮಿಡಿಯುವ, ಸಾಮಾನ್ಯವಾಗಿ ಎರಡು ವರ್ಷದೊಳಗೆ ಮುಚ್ಚಿಕೊಳ್ಳುವ ಎಡೆಯನ್ನೂ ಕೆಲವರು ಹಾಗೆ ಕರೆಯುತ್ತಾರೆ. ಫೋರಾಮೆನ್ ಮ್ಯಾಗ್ನಮ್ ಇರುವುದು ತಲೆಬುರುಡೆಯ ತಳದಲ್ಲಿ. ಮಿದುಳು ಬೆನ್ನುಹುರಿಯಾಗಿ ಕೆಳಗಿಳಿಯುವುದು ಅದರ ಮೂಲಕವೇ ಆದ್ದರಿಂದ ಅದು ಜೀವಮಾನವಿಡೀ ತೆರೆದೇ ಇರುತ್ತದೆ. ಲ್ಯಾಟಿನ್ನಿನಲ್ಲಿ ಆ ಹೆಸರಿಗೆ ‘ದೊಡ್ಡ ತೂತು’ ಎಂಬುದಕ್ಕಿಂತ ಗಹನವಾದ ಅರ್ಥವೇನೂ ಇಲ್ಲ. ‘ಮಹಾರಂಧ್ರ’ ಎಂದರೆ ಸಾಕು, ಬ್ರಹ್ಮನನ್ನು ಎಳೆತರಬೇಕಾಗಿಲ್ಲ.

‘ಮಹಾ’ ಎಂದೊಡನೆ, ರಂಧ್ರ ದೊಡ್ಡದಾದಷ್ಟೂ ಮಿದುಳು ದೊಡ್ಡದೆಂದು ಭಾವಿಸುವುದೂ ಸರಿಯಲ್ಲ. ಇಲ್ಲಿ ಮುಖ್ಯವಾದದ್ದು ಗಾತ್ರವಲ್ಲ, ಸ್ಥಾನ. ಚಿಂಪಾಂಜಿಯಲ್ಲಿ ಅದು ಬುರುಡೆಯ ಹಿಂಬದಿಗೆ ಸರಿದು ಹಿಂದಕ್ಕೆ ಓರೆಯಾಗಿರುತ್ತದೆ. ಮುಂದಕ್ಕೆ ಚಾಚಿದ ಮುಖದ ಭಾರವನ್ನು ಕತ್ತಿನ ಬಲವಾದ ಸ್ನಾಯುಗಳು ಹಿಡಿದು ನಿಲ್ಲಿಸಬೇಕಾಗುತ್ತದೆ. ನಮ್ಮಲ್ಲಿ ಅದು ತಳದ ನಡುಭಾಗಕ್ಕೆ ಬಂದು ಕೆಳಮುಖವಾಗಿರುವುದರಿಂದ, ತಲೆ ನೆಟ್ಟಗಿನ ಬೆನ್ನೆಲುಬಿನ ಮೇಲೆ ಹೆಚ್ಚುಕಡಿಮೆ ಸಮತೂಕದಲ್ಲಿ ಕೂರುತ್ತದೆ.

ದಕ್ಷಿಣ ಆಫ್ರಿಕದ ಟೌಂಗ್‌ನಲ್ಲಿ 1924ರಲ್ಲಿ ದೊರೆತ ಮಗುವಿನ ಬುರುಡೆಯನ್ನು ಅಂಗರಚನಾಶಾಸ್ತ್ರಜ್ಞ ರೇಮಂಡ್ ಡಾರ್ಟ್ ಮರುವರ್ಷ ಆಸ್ಟ್ರಲೋಪಿಥೆಕಸ್ ಆಫ್ರಿಕಾನಸ್ ಎಂಬ ಪ್ರಾಚೀನ ಮಾನವಸದೃಶ ಜಾತಿಯದೆಂದು ಹೆಸರಿಸಿದಾಗ, ಅದು ಎರಡು ಕಾಲಲ್ಲಿ ನಡೆಯುತ್ತಿತ್ತೆಂಬ ಅವರ ವಾದಕ್ಕೆ ಆಧಾರವಾದದ್ದು ಮುಂದಕ್ಕಿದ್ದ ಈ ರಂಧ್ರವೇ. ಮಿದುಳು ವಾನರದಷ್ಟೇ ಚಿಕ್ಕದು, ನಿಲುವು ಮಾತ್ರ ಮನುಷ್ಯನದು ಎಂಬ ಈ ಜೋಡಣೆಯನ್ನು, ಮೊದಲು ಬೆಳೆದದ್ದು ಮಿದುಳೇ ಎಂದು ನಂಬಿದ್ದ ಅಂದಿನ ಅನೇಕ ವಿದ್ವಾಂಸರು ಒಪ್ಪಲಿಲ್ಲ. ಅವರ ಒಂದು ಅನುಮಾನಕ್ಕಂತೂ ಹುರುಳಿತ್ತು: ಚಿಂಪಾಂಜಿ ಮರಿಗಳಲ್ಲೂ ರಂಧ್ರ ಮುಂದಕ್ಕೇ ಇದ್ದು, ಬೆಳೆದಂತೆ ಹಿಂದೆ ಸರಿಯುತ್ತದೆ. ವಯಸ್ಕ ಆಸ್ಟ್ರಲೋಪಿಥೆಕಸ್‌ಗಳ ಬುರುಡೆ ಮತ್ತು ಸೊಂಟದ ಮೂಳೆಗಳು ಸಿಕ್ಕ ಮೇಲೆಯೇ ಡಾರ್ಟ್ ವಾದ ಗಟ್ಟಿಯಾದದ್ದು.

ಈಚಿನ ತಕರಾರು ಚಾಡ್ ದೇಶದಲ್ಲಿ 2001ರಲ್ಲಿ ಸಿಕ್ಕ, ಸುಮಾರು 70 ಲಕ್ಷ ವರ್ಷ ಹಳೆಯ ‘ತೂಮಾಯ್’ ಬುರುಡೆಯದು. ಮಣ್ಣಿನಡಿ ಜಜ್ಜಿ ಸೊಟ್ಟಗಾಗಿದ್ದ ಅದನ್ನು ಕಂಪ್ಯೂಟರಿನಲ್ಲಿ ನೇರಗೊಳಿಸಿದವರು ರಂಧ್ರ ಮನುಷ್ಯರಂತೆಯೇ ಇದೆಯೆಂದು 2005ರಲ್ಲಿ ವಾದಿಸಿದರು. ಅದನ್ನೊಪ್ಪದವರ ಆಕ್ಷೇಪ ಇನ್ನೂ ಮುಗಿದಿಲ್ಲ.