ಲಿವರ್‌ನಲ್ಲಿ ಕಂಡದ್ದು ಕೀವೋ, ಕ್ಯಾನ್ಸರೋ?

ಪ್ರಶ್ನೆ: ನಮ್ಮ ತಂದೆಗೆ 62 ವರ್ಷ. ಹದಿನೈದು ದಿನದಿಂದ ಚಳಿಜ್ವರ, ಬಲ ಪಕ್ಕೆಯಲ್ಲಿ ನೋವು. ಕೋಲಾರದಲ್ಲಿ ಸ್ಕ್ಯಾನ್ ಮಾಡಿಸಿದೆವು. ಲಿವರ್‌ನಲ್ಲಿ 4 ಸೆಂ.ಮೀ. ಗಡ್ಡೆ ಇದೆ, ಕೀವು ಇರಬಹುದು, ಕ್ಯಾನ್ಸರ್ ಕೂಡ ಇರಬಹುದು ಎಂದು ಬರೆದಿದ್ದಾರೆ. ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಜಾಸ್ತಿ ಇರುವುದರಿಂದ ಕಾಂಟ್ರಾಸ್ಟ್ ಅಲ್ಟ್ರಾಸೌಂಡ್ ಮಾಡಿಸಿ ಅಂದರು. ಅದರಲ್ಲಿ ಗೊತ್ತಾಗುತ್ತಾ?
— ಮಾಲೂರಿನ ಓದುಗರು

ಉತ್ತರ: ಎಷ್ಟೋ ಸಲ ಗೊತ್ತಾಗುತ್ತದೆ. ಕೀವು ಪೂರ್ತಿ ನೀರಾಗುವ ಮೊದಲು ಮಾಮೂಲಿ ಸ್ಕ್ಯಾನ್‌ನಲ್ಲಿ ಗಟ್ಟಿ ಗಡ್ಡೆಯ ಹಾಗೇ ಕಾಣುತ್ತದೆ. ಅದಕ್ಕೇ ರಿಪೋರ್ಟ್‌ನಲ್ಲಿ ಎರಡನ್ನೂ ಬರೆದಿದ್ದಾರೆ. ಆ ಒಂದು ಪದ ನೋಡಿ ಮನೆಯವರೆಲ್ಲ ಕುಗ್ಗಬೇಡಿ.

ಈ ಪರೀಕ್ಷೆಯಲ್ಲಿ ಕೈಯ ನರಕ್ಕೆ ಔಷಧಿ ಕೊಡುತ್ತಾರೆ. ಅದರಲ್ಲಿರುವುದು ಕೆಂಪು ರಕ್ತಕಣಕ್ಕಿಂತ ಚಿಕ್ಕದಾದ ಅನಿಲದ ಗುಳ್ಳೆಗಳು. ಅವು ರಕ್ತನಾಳ ಬಿಟ್ಟು ಆಚೆ ಹೋಗುವುದಿಲ್ಲ. ರಕ್ತ ಹರಿದಲ್ಲೆಲ್ಲ ಪರದೆಯ ಮೇಲೆ ಬೆಳ್ಳಗೆ ಹೊಳೆಯುತ್ತವೆ. ಆ ಅನಿಲ ಕೊನೆಗೆ ಉಸಿರಿನಲ್ಲೇ ಹೊರಟುಹೋಗುತ್ತದೆ. ಕಿಡ್ನಿಗೆ ಹೊರೆಯಿಲ್ಲ.

ಒಂದೇ ಹೊಲಕ್ಕೆ ಕೆರೆಯ ಕಾಲುವೆ ನೀರೂ ಬೋರ್‌ವೆಲ್ ನೀರೂ ಬರುತ್ತದೆ ಅಂದುಕೊಳ್ಳಿ. ಲಿವರ್‌ಗೂ ಹಾಗೇ ಎರಡು ದಾರಿ. ಸುಮಾರು ಮುಕ್ಕಾಲು ಪಾಲು ರಕ್ತ ಕರುಳಿನ ಕಡೆಯಿಂದ ನಿಧಾನಕ್ಕೆ ಬರುತ್ತದೆ, ಅದು ಕಾಲುವೆ. ಉಳಿದದ್ದು ಅಪಧಮನಿಯಿಂದ ರಭಸವಾಗಿ ಬರುತ್ತದೆ, ಅದು ಬೋರ್‌ವೆಲ್. ಲಿವರ್‌ನಲ್ಲೇ ಹುಟ್ಟುವ ಕ್ಯಾನ್ಸರ್ ಬದುಕುವುದು ಹೆಚ್ಚಾಗಿ ಈ ಬೋರ್‌ವೆಲ್ ನೀರಿನ ಮೇಲೆ. ಹಾಗಾಗಿ ಔಷಧಿ ಹೋದ ಅರ್ಧ ನಿಮಿಷದಲ್ಲೇ ಸುತ್ತಲಿನ ಲಿವರ್‌ಗಿಂತ ಜೋರಾಗಿ ಬೆಳಗುತ್ತದೆ. ಒಂದು ನಿಮಿಷ ದಾಟಿದ ಮೇಲೆ ಮೆಲ್ಲಗೆ ಮಸುಕಾಗುತ್ತದೆ. ಕೆಲವದು ಮೂರು ನಾಲ್ಕು ನಿಮಿಷ ತೆಗೆದುಕೊಳ್ಳುತ್ತದೆ. ಅದಕ್ಕೇ ಡಾಕ್ಟರು ಗಡಿಯಾರ ನೋಡುತ್ತ ಐದಾರು ನಿಮಿಷ ಕಾಯುತ್ತಾರೆ.

ಕೀವಿನೊಳಗೆ ರಕ್ತನಾಳ ಎಲ್ಲಿರುತ್ತದೆ? ಅಲ್ಲಿ ಕೊನೆವರೆಗೂ ಕಪ್ಪೇ. ಅಂಚು ಮತ್ತು ಒಳಗಿನ ತೆಳು ಗೋಡೆಗಳು ಮಾತ್ರ ಜೇನುಗೂಡಿನ ಹಾಗೆ ಬೆಳಗುತ್ತವೆ.

ಆದರೆ ಇದೊಂದನ್ನೇ ನಂಬಿ ಕೂರಬೇಡಿ. ಬೇರೆ ಕಡೆಯಿಂದ ಲಿವರ್‌ಗೆ ಹರಡಿದ ಕ್ಯಾನ್ಸರ್ ಕೂಡ ನಡುವೆ ಕೊಳೆತು, ಅಂಚು ಮಾತ್ರ ಬೆಳಗುವುದುಂಟು. ಅದು ಸಾಮಾನ್ಯವಾಗಿ ಒಂದು ನಿಮಿಷದೊಳಗೇ ಮಸುಕಾಗುತ್ತದೆ. ಕೀವಿಲ್ಲದ, ಬರೀ ಉರಿಯೂತದ ಗಂಟು ಇನ್ನೂ ಕಷ್ಟ. ಅದು ಬೆಳಗಿ ಮಸುಕಾಗಿ ಥೇಟ್ ಕ್ಯಾನ್ಸರ್ ಥರ ಕಾಣಬಹುದು. ಅಂಥ ಅನುಮಾನ ಉಳಿದರೆ ಸೂಜಿ ಹಾಕಿ ತುಣುಕು ತೆಗೆದು ನೋಡಲೇಬೇಕು. ಆಗಲೂ ಈ ಪರೀಕ್ಷೆ ಸುಮ್ನೆ ಆಗುವುದಿಲ್ಲ. ಜೀವ ಇರುವ ಭಾಗ ಯಾವುದು, ಸೂಜಿ ಎಲ್ಲಿಗೆ ಹೋಗಬೇಕು ಎಂದು ತೋರಿಸುತ್ತದೆ.

ಪರೀಕ್ಷೆಗೆ ಹೋದಾಗ ಚಳಿಜ್ವರ ಯಾವತ್ತಿನಿಂದ ಇದೆ ಅಂತ ಮೊದಲೇ ಹೇಳಿ. ಹೆಪಟೈಟಿಸ್ ಬಿ, ಸಿರೋಸಿಸ್ (ಲಿವರ್ ಗಾಯಗಟ್ಟಿ ಗಟ್ಟಿಯಾಗುವ ಕಾಯಿಲೆ), ಹೃದಯದ ತೊಂದರೆ, ಅಲರ್ಜಿ ಇದ್ದರೆ ಅದನ್ನೂ ತಿಳಿಸಿ. ಜ್ವರಕ್ಕೆ ಔಷಧಿ ಶುರುವಾಗಿದ್ದರೆ ನಿಲ್ಲಿಸಬೇಡಿ. ಕೀವು ಎಂದೇ ತೀರ್ಮಾನವಾದರೂ, ಗಡ್ಡೆ ಕರಗುವ ತನಕ ಡಾಕ್ಟರು ಹೇಳಿದ ದಿನ ಮತ್ತೆ ಸ್ಕ್ಯಾನ್ ಮಾಡಿಸಿ.