ಪದ ಪರಿಚಯ: ಪರ್ಥೀಸ್ – ನೋವು ಮಂಡಿಯಲ್ಲಿ, ಕಾಯಿಲೆ ಸೊಂಟದಲ್ಲಿ

ಅಕ್ಕನ ಮಗನಿಗೆ ಆಗ ಆರು ವರ್ಷ. ಸಂಜೆ ಆಟ ಮುಗಿಸಿ ಬಂದರೆ ಎಡಗಾಲು ಸ್ವಲ್ಪ ಕುಂಟುತ್ತಿದ್ದ. ಎಲ್ಲಿ ನೋವು ಅಂದರೆ ಮಂಡಿ ಮುಟ್ಟಿ ತೋರಿಸುತ್ತಿದ್ದ. ಬೆಳಿಗ್ಗೆ ಎದ್ದಾಗ ಏನೂ ಇರುತ್ತಿರಲಿಲ್ಲ. ಎಲ್ಲೋ ಬಿದ್ದಿರ್ತಾನೆ ಅಂದುಕೊಂಡೆವು. ಎಣ್ಣೆ ಹಚ್ಚಿ ತಿಕ್ಕಿದೆವು, ಉಳುಕು ತೆಗೆಯುವವರ ಹತ್ತಿರವೂ ಹೋದೆವು. ಒಂದು ಕಡೆ ಮಂಡಿಯ ಎಕ್ಸ್‌ರೇ ತೆಗೆದು, ಏನೂ ಇಲ್ಲ ಅಂತ ಕಳಿಸಿದರು. ಮೂರು ತಿಂಗಳು ಹೀಗೇ ಹೋಯಿತು.

ಕೊನೆಗೆ ಕಂಡುಹಿಡಿದದ್ದು ಅಜ್ಜಿ. ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕೂತರೆ ಅವನ ಬಲ ಮಂಡಿ ನೆಲಕ್ಕೆ ತಾಗುತ್ತಿತ್ತು. ಎಡದ್ದು ಅರ್ಧ ಗೇಣು ಮೇಲೇ ನಿಲ್ಲುತ್ತಿತ್ತು. "ಇದು ಮಂಡಿಯದ್ದಲ್ಲ ಕಣೇ, ತೊಡೆ ಬುಡದ್ದು" ಅಂದರು. ಸೊಂಟದ ಎಕ್ಸ್‌ರೇ ತೆಗೆಸಿದ ದಿನ ನಮ್ಮ ಮನೆಗೆ 'ಪರ್ಥೀಸ್' ಎಂಬ ಪದ ಬಂತು.

ಇದು ಒಬ್ಬ ಡಾಕ್ಟರ ಹೆಸರು. ಪೂರ್ತಿ ಹೆಸರು ಲೆಗ್-ಕಾಲ್ವೆ-ಪರ್ಥೀಸ್. 1910ರಲ್ಲಿ ಅಮೆರಿಕದ ಆರ್ಥರ್ ಲೆಗ್, ಫ್ರಾನ್ಸಿನ ಜಾಕ್ ಕಾಲ್ವೆ, ಜರ್ಮನಿಯ ಗಿಯೋರ್ಗ್ ಪರ್ಥೀಸ್, ಮೂವರೂ ಬೇರೆಬೇರೆಯಾಗಿ ಇದರ ಬಗ್ಗೆ ಬರೆದರು. ಹಿಂದಿನ ವರ್ಷವೇ ಸ್ವೀಡನ್ನಿನ ವಾಲ್ಡೆನ್‌ಸ್ಟ್ರಾಮ್ ಇದನ್ನು ಕಂಡಿದ್ದರು, ಆದರೆ ಕ್ಷಯ ಅಂದುಕೊಂಡರು. ಮಕ್ಕಳ ಸೊಂಟಕ್ಕೆ ಕ್ಷಯ ತಗಲುವುದು ಆಗ ಮಾಮೂಲಿಯಾಗಿತ್ತು. ಎಕ್ಸ್‌ರೇ ಬಂದು ಹದಿನೈದು ವರ್ಷವೂ ಆಗಿರಲಿಲ್ಲ.

ರುಬ್ಬುವ ಒರಳಿನ ಗುಳಿಯಲ್ಲಿ ಗುಂಡು ಕೂತಿರುವುದನ್ನು ನೋಡಿದ್ದೀರಲ್ವಾ? ಸೊಂಟದ ಕೀಲೂ ಹಾಗೆಯೇ. ತೊಡೆಮೂಳೆಯ ತಲೆ ಗುಂಡು, ಸೊಂಟದ ಮೂಳೆಯಲ್ಲಿರುವ ಬಟ್ಟಲು ಗುಳಿ. ಪರ್ಥೀಸ್‌ನಲ್ಲಿ ಆ ಗುಂಡಿನಂಥ ತಲೆಗೆ ಹೋಗುವ ರಕ್ತ ನಿಲ್ಲುತ್ತದೆ. ಮೂಳೆ ಸಾಯುತ್ತದೆ, ಮೆತ್ತಗಾಗುತ್ತದೆ, ಚೂರುಚೂರಾಗುತ್ತದೆ. ಆಮೇಲೆ ರಕ್ತ ಮತ್ತೆ ಹರಿದು, ಹಳೆಯದನ್ನು ದೇಹವೇ ತೆಗೆದುಹಾಕಿ ಹೊಸ ಮೂಳೆ ಕಟ್ಟುತ್ತದೆ. ಇದಕ್ಕೆಲ್ಲ ಎರಡರಿಂದ ನಾಲ್ಕೈದು ವರ್ಷ ಹಿಡಿಯುತ್ತದೆ. ನಾಲ್ಕರಿಂದ ಎಂಟು ವರ್ಷದವರಲ್ಲಿ ಜಾಸ್ತಿ. ಒಬ್ಬ ಹುಡುಗಿಗೆ ಬಂದರೆ ನಾಲ್ಕೈದು ಹುಡುಗರಿಗೆ ಬರುತ್ತದೆ. ರಕ್ತ ಯಾಕೆ ನಿಲ್ಲುತ್ತದೆ ಅಂತ ವಿಜ್ಞಾನಕ್ಕೆ ಇನ್ನೂ ಗೊತ್ತಾಗಿಲ್ಲ. ತಾಯಿ ಸರಿಯಾಗಿ ಊಟ ಕೊಡಲಿಲ್ಲ ಅಂತ ಅಕ್ಕನಿಗೆ ಎಷ್ಟು ಜನ ಅಂದರೋ! ದಯವಿಟ್ಟು ಆ ಮಾತು ಆಡಬೇಡಿ.

ರಿಪೋರ್ಟಿನಲ್ಲಿ 'ಎವಿಎನ್' ಅಥವಾ 'ಅವ್ಯಾಸ್ಕ್ಯುಲರ್ ನೆಕ್ರೋಸಿಸ್' ಅಂತ ಬರೆದಿರಬಹುದು. ರಕ್ತವಿಲ್ಲದೆ ಮೂಳೆ ಸತ್ತಿದೆ ಅಂತ ಅರ್ಥ. ಆ ಪದವನ್ನು ರಾತ್ರಿಯೆಲ್ಲ ಮೊಬೈಲಿನಲ್ಲಿ ಹುಡುಕಿ ನಾವು ನಡುಗಿದ್ದೆವು. ಎಲ್ಲಿ ನೋಡಿದರೂ ಕೀಲು ಬದಲಿಸುವ ಮಾತೇ. ಅದೆಲ್ಲ ದೊಡ್ಡವರ ಕಥೆ. ದೊಡ್ಡವರಲ್ಲಿ ಸತ್ತ ಮೂಳೆ ಹೀಗೆ ಪೂರ್ತಿ ಮತ್ತೆ ಬೆಳೆಯುವುದಿಲ್ಲ, ಮಕ್ಕಳಲ್ಲಿ ಬೆಳೆಯುತ್ತದೆ. ಅದು ಬೆಳೆದಾಗ ದುಂಡಗಿರುತ್ತದೋ ಚಪ್ಪಟೆಯಾಗುತ್ತದೋ ಅನ್ನುವುದೇ ಇಲ್ಲಿನ ಪ್ರಶ್ನೆ. ಚಪ್ಪಟೆಯಾದರೆ ನಡುವಯಸ್ಸಿಗೇ ಕೀಲು ಸವೆಯಬಹುದು.

ಮಂಡಿ ಯಾಕೆ ನೋಯುತ್ತದೆ? ಸೊಂಟದ ಕೀಲಿಗೆ ಹೋಗುವ ನರವೇ ಮಂಡಿ ಕಡೆಗೂ ಹೋಗುತ್ತದೆ. ಹಾಗಾಗಿ ಮಗು ಮಂಡಿ ತೋರಿಸಿದರೂ ಸೊಂಟ ಪರೀಕ್ಷಿಸಲೇಬೇಕು. ಡಾಕ್ಟರು ಮಗುವನ್ನು ಮಲಗಿಸಿ, ಕಾಲು ಎಷ್ಟು ಅಗಲಿಸುತ್ತದೆ, ಎಷ್ಟು ಒಳಕ್ಕೆ ತಿರುಗುತ್ತದೆ ಅಂತ ನೋಡುತ್ತಾರೆ. ಎಕ್ಸ್‌ರೇ ಎರಡು ಬೇಕು: ಒಂದು ನೇರವಾಗಿ, ಇನ್ನೊಂದು ಕಪ್ಪೆಯ ಹಾಗೆ ಕಾಲು ಅಗಲಿಸಿ. ಶುರುವಿನಲ್ಲಿ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು, ಆಗ ಎಂಆರ್‌ಐ ನೆರವಿಗೆ ಬರುತ್ತದೆ. ಸಿಕಲ್ ಸೆಲ್ ರಕ್ತದ ಕಾಯಿಲೆಯೂ ಸೊಂಟವನ್ನು ಹೀಗೇ ಕೆಡಿಸುತ್ತದೆ. ಎರಡೂ ಕಡೆ ಒಂದೇ ರೀತಿ ಕಂಡರೆ ಥೈರಾಯ್ಡ್ ತೊಂದರೆಯೂ ಇರಬಹುದು. ಅದಕ್ಕೇ ಕೆಲವರಿಗೆ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಒಂದು ಎಚ್ಚರ: ಜ್ವರ ಬಂದು, ಕಾಲು ಊರಲೂ ಆಗದೆ ಮಗು ಕಿರುಚಿದರೆ ಅದು ಕೀಲಿನಲ್ಲಿ ಕೀವು ತುಂಬಿದ್ದಿರಬಹುದು. ಆಗ ನಾಳೆ ನೋಡೋಣ ಅನ್ನಬೇಡಿ, ಆಗಲೇ ಆಸ್ಪತ್ರೆಗೆ ಓಡಿ.

ಚಿಕಿತ್ಸೆಯಲ್ಲಿ ಮತ್ತೆ ಮತ್ತೆ ಕೇಳುವ ಪದ 'ಕಂಟೈನ್‌ಮೆಂಟ್'. ಕೊರೊನಾ ಕಾಲದಲ್ಲಿ ಕೇಳಿದ ಪದವೇ. ಇಲ್ಲಿ ಮೆತ್ತಗಾದ ಗುಂಡನ್ನು ಬಟ್ಟಲು ಬಿಟ್ಟು ಹೊರಬರದಂತೆ ಇರಿಸುವುದು ಅಂತ ಅರ್ಥ. ಇಡ್ಲಿ ಹಿಟ್ಟು ತಟ್ಟೆಯ ಗುಳಿಯಲ್ಲಿದ್ದರೆ ಗುಳಿಯ ಆಕಾರಕ್ಕೇ ಬೇಯುತ್ತದೆ, ಅಂಚು ಮೀರಿ ಸುರಿದರೆ ಆಕಾರ ಕೆಡುತ್ತದೆ. ಬಟ್ಟಲು ಇಲ್ಲಿ ಅಚ್ಚಿನ ಕೆಲಸ ಮಾಡುತ್ತದೆ.

ಇದನ್ನು ಯಾವಾಗ ಮಾಡಬೇಕು ಅನ್ನುವುದಕ್ಕೆ ನಮ್ಮ ಉಡುಪಿ ಜಿಲ್ಲೆಯೇ ಜಗತ್ತಿಗೆ ಪಾಠ ಹೇಳಿದೆ. ನಮ್ಮ ಕರಾವಳಿ ಬಯಲಿನಲ್ಲಿ ಈ ಕಾಯಿಲೆ ಪಕ್ಕದ ಗುಡ್ಡಗಾಡಿಗಿಂತ ಜಾಸ್ತಿ ಅಂತ ಮಣಿಪಾಲದ ಮಕ್ಕಳ ಮೂಳೆತಜ್ಞ ಡಾ. ಬೆಂಜಮಿನ್ ಜೋಸೆಫ್ ಮತ್ತು ಜೊತೆಯವರು ತೋರಿಸಿದರು. 2003ರಲ್ಲಿ 610 ಮಕ್ಕಳ ಕಾಯಿಲೆಯ ಹಾದಿಯನ್ನು ಹಂತ ಹಂತವಾಗಿ ವಿಂಗಡಿಸಿ ಬರೆದರು. ಮೂಳೆ ಚೂರಾಗುವ ಹಂತದ ಕೊನೆಗೆ ಬರುವ ಹೊತ್ತಿಗೆ ಗುಂಡಿನ ಆಕಾರ ಕೆಟ್ಟಿರಬಹುದು. ಅಷ್ಟರೊಳಗೇ ಗುಂಡನ್ನು ಬಟ್ಟಲಿನಲ್ಲಿ ಕೂರಿಸಬೇಕು. ನಾವು ಕಳೆದ ಮೂರು ತಿಂಗಳ ಬೆಲೆ ಅರಿವಾದದ್ದು ಇದು ತಿಳಿದ ಮೇಲೆ.

ಆರು ವರ್ಷದೊಳಗಿನ ಎಷ್ಟೋ ಮಕ್ಕಳಿಗೆ ಆಪರೇಷನ್ ಬೇಕಾಗುವುದೇ ಇಲ್ಲ. ಓಟ, ಜಿಗಿತ ಬೇಡ ಅಂತಾರೆ, ಕಾಲು ಅಗಲಿಸುವ ವ್ಯಾಯಾಮ ಹೇಳಿಕೊಡುತ್ತಾರೆ, ಎಕ್ಸ್‌ರೇಯಲ್ಲಿ ಗಮನಿಸುತ್ತಿರುತ್ತಾರೆ. ಈಜು, ಸೈಕಲ್ ಪರವಾಗಿಲ್ಲ. ಗುಂಡು ಹೊರಗೆ ಸರಿಯುತ್ತಿದ್ದರೆ, ಅಥವಾ ಮಗುವಿನ ವಯಸ್ಸು ಜಾಸ್ತಿಯಾಗಿದ್ದರೆ, ಎರಡೂ ಕಾಲು ಅಗಲಿಸಿ ಪ್ಲಾಸ್ಟರ್ ಹಾಕುತ್ತಾರೆ, ಇಲ್ಲವೇ ಆಪರೇಷನ್ ಮಾಡುತ್ತಾರೆ. ತೊಡೆಮೂಳೆಯನ್ನು ಕತ್ತರಿಸಿ ಓರೆ ಮಾಡಿ ಗುಂಡನ್ನು ಒಳಕ್ಕೆ ತಿರುಗಿಸುವುದು ಒಂದು ಬಗೆ. ಬಟ್ಟಲನ್ನೇ ಗುಂಡಿನ ಮೇಲೆ ಬಾಗಿಸುವುದು ಇನ್ನೊಂದು.

ನಮ್ಮ ಹುಡುಗನಿಗೆ ಮೊದಲನೆಯದು ಆಯಿತು. ಈಗ ಅವನಿಗೆ ಹತ್ತು. ಕತ್ತರಿಸಿದ ಮೂಳೆ ಹಿಡಿದಿಡಲು ಹಾಕಿದ್ದ ಪ್ಲೇಟು ತೆಗೆದಾಯಿತು. ಎಡಗಾಲು ಒಂದು ಚೂರು ಗಿಡ್ಡ, ಚಪ್ಪಲಿಯೊಳಗೆ ಮೆತ್ತೆ ಇಟ್ಟುಕೊಳ್ಳುತ್ತಾನೆ. ಊಟಕ್ಕೆ ಕೂತಾಗ ಅಜ್ಜಿ ಇವತ್ತಿಗೂ ಅವನ ಎಡ ಮಂಡಿಯ ಕೆಳಗೆ ಕೈಯಿಟ್ಟು ಅಳೆಯುತ್ತಾರೆ. ಮೊನ್ನೆ ಎರಡೇ ಬೆರಳು ಹಿಡಿಸಿತು.